ಮಾತು ಒಯ್ಯುವ ಇಂದ್ರಾಬಾಯಿ

ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಾಜಶ್ರೀ ಎಂಬಾಕೆ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ಅಲ್ಲಿಂದ ಖಡಕ್ ರೊಟ್ಟಿ ಕಟ್ಟು ಕಟ್ಟಾಗಿ ಹೋಗುತ್ತವೆ. ಅಲ್ಲಿ ರೊಟ್ಟಿ ಬಡಿಯುವ ಹೆಂಗಸರಲ್ಲಿ ಇಂದ್ರಾಬಾಯಿಯೇ ಹಳಬಳು. ಅವಳ ರೊಟ್ಟಿ ಉಳಿದವರದಕ್ಕಿಂತ ತೆಳುವೇನಲ್ಲ, ಒಂದಿಷ್ಟು ದಪ್ಪವೇ. ಆದರೆ ಅವಳು ಒಂದು ದಿನ ಬರದಿದ್ದರೆ ಅಲ್ಲಿ ಜಗಳ ಹತ್ತಿಕೊಳ್ಳುತ್ತದೆ. ಒಬ್ಬರು ಅಂದದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಅದರ ಖಾರ ತೆಗೆದು ಮುಟ್ಟಿಸುವವಳು ಅವಳೊಬ್ಬಳೇ.

ಹೋದ ವರ್ಷ, ಅಲ್ಲೇ ರೊಟ್ಟಿ ಬಡಿಯುವ ಮಾಬುಬಿಯ ಹಂಚಿನ ಮೇಲೆ ರೊಟ್ಟಿ ಕರಕಲಾಗತೊಡಗಿದವು. ರಾಜಶ್ರೀ ಇಂದ್ರಾಬಾಯಿಯನ್ನು ಒಳಗೆ ಕರೆದಳು. "ಆ ಮುದುಕಿಗೆ ಹೇಳು. ಕಣ್ಣು ಕಾಣಂಗಿಲ್ಲಂದ್ರ ಮನ್ಯಾಗ ಕುಂಡ್ರು ಅಂತ."

ಇಂದ್ರಾಬಾಯಿ ಹೊರಗೆ ಬಂದು ಮಾಬುಬಿಯ ಮಗ್ಗುಲಲ್ಲಿ ಕೂತಳು. "ರಾಜಕ್ಕ ನಿನ್ನ ಕಣ್ಣಿನ ಚಿಂತಿ ಮಾಡಾಕತ್ತಾಳ ನೋಡು. ಹೊಗಿಗೆ ಹಾಳಾಗ್ಯಾವು, ಒಮ್ಮೆ ತೋರಿಸ್ಕೊ ಅಂದ್ಲು."

"ಆಕಿ ಅಂದ್ಲಾ? ನನ್ನ ಹೊಟ್ಟ್ಯಾಗ ಹುಟ್ಟಿದ್ದೂ ಇಷ್ಟು ಕೇಳಂಗಿಲ್ಲ ಬಿಡು."

ಮಾಬುಬಿ ಚಸಮಾ ಮಾಡಿಸಿಕೊಂಡಳು. ಮರುದಿನ ರಾಜಶ್ರೀಗೆ ಒಂದು ಡಬ್ಬಿ ಶಿರಾ ತಂದಳು. ರಾಜಶ್ರೀ ಡಬ್ಬಿ ಹಿಡಿದುಕೊಂಡು "ಇದ್ಯಾಕ?" ಎಂದಾಗ ಇಂದ್ರಾಬಾಯಿ "ಸುಮ್ನ ತಿನ್ನು" ಎಂದಳು. ಅಲ್ಲಿಂದ ಮುಂದೆ ಅವರಿಬ್ಬರು ಅಕ್ಕತಂಗಿಯರ ಹಾಗೆ.

ಒಮ್ಮೆ ಮಹಿಳಾ ಸಂಘದ ತರಬೇತಿ ಎಂದು ಇವರನ್ನೆಲ್ಲ ಬಸವನ ಬಾಗೇವಾಡಿಗೆ ಕರೆದುಕೊಂಡು ಹೋಗಿದ್ದರು. ಸಿಟ್ಟು ಬಂದಾಗ ಹೇಗೆ ಮಾತಾಡಬೇಕು ಎಂದು ಒಬ್ಬ ಮೇಡಂ ಹೇಳಿಕೊಟ್ಟರು. ಎದುರಿನವರ ಸಿಟ್ಟಿನ ಕೆಳಗೆ ಏನು ನೋವಿದೆ, ಏನು ಅಂಜಿಕೆ ಇದೆ ಕೇಳಿರಿ. ನಿಮ್ಮ ಮನಸ್ಸಿನಲ್ಲಿರುವುದನ್ನೂ ಬಿಚ್ಚಿ ಹೇಳಿರಿ ಅಂದರು. ಇಂದ್ರಾಬಾಯಿ ಗೋಡೆಗೆ ಒರಗಿ, ಇದನ್ನೇ ಅಲ್ಲವೇ ನಾನು ಜನ್ಮವಿಡೀ ಮಾಡಿದ್ದು ಅಂದುಕೊಂಡಳು. ಊಟಕ್ಕೆ ಕೊಟ್ಟ ಪಲಾವು ಚೆನ್ನಾಗಿತ್ತು.

ಮನೆಯಲ್ಲಂತೂ ಮಾತು ಒಯ್ಯುವ ಕೆಲಸ ಅವಳಿಗೆ ತಪ್ಪಿದ್ದೇ ಅಲ್ಲ. ಗಂಡ ಧೂಳಪ್ಪ ಗೌಂಡಿ. ಈಗ ವಯಸ್ಸಾಗಿ ಸಣ್ಣಪುಟ್ಟ ಕಟ್ಟಡದ ಕೆಲಸ ಮಾತ್ರ ಹಿಡಿಯುತ್ತಾನೆ. ಮಗ ಕಾಂತು ಚಡಚಣದ ಕಡೆಯಿಂದ ದ್ರಾಕ್ಷಿ ಹೇರಿಕೊಂಡು ಹೋಗುವ ಲಾರಿಯ ಡ್ರೈವರ್. ಮನೆಯಲ್ಲಿ ಇದ್ದದ್ದಕ್ಕಿಂತ ದಾರಿಯಲ್ಲಿ ಇದ್ದದ್ದೇ ಹೆಚ್ಚು. ಸೊಸೆ ಸಾಕ್ಷಿ ನಾಲತವಾಡದವಳು, ರಕ್ತ ಪರೀಕ್ಷೆ ಮಾಡುವುದನ್ನು ಕಲಿತು ಬಂದವಳು. ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಚಹಾ ಬೇಕೇ ಎನ್ನುವುದೂ ಅತ್ತೆಯ ಬಾಯಿಂದಲೇ ಹೋಗಬೇಕು, ಬೇಡ ಎನ್ನುವುದೂ ಅತ್ತೆಯ ಬಾಯಿಂದಲೇ ಬರಬೇಕು.

ಸಿಂದಗಿಯ ಒಂದು ಲ್ಯಾಬಿನವರು ಪಂಚಮಿ ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಬಾ ಎಂದು ಸಾಕ್ಷಿಗೆ ಹೇಳಿದರು. ಕಾಂತು ಫೋನಿನಲ್ಲಿ, "ಅಪ್ಪ ಹೂಂ ಅಂದ್ರ ನಂದೇನೂ ತಕರಾರಿಲ್ಲ" ಎಂದು ಕೈ ತೊಳೆದುಕೊಂಡ. ಇಂದ್ರಾಬಾಯಿ ಗಂಡನಿಗೆ ವಿಷಯ ಮುಟ್ಟಿಸಿದಳು.

"ದಿನಾ ಸಿಂದಗಿಗಾ? ಆ ರಸ್ತಾದಾಗ ಗಾಡಿ ಹೆಂಗ ಓಡಸ್ತಾರ ನೋಡಿಯೇನು? ಕತ್ತಲಾದ್ರ ಯಾರು ಹುಡುಕ್ಕೊಂಡು ಹೋಗವ್ರು? ಕಲಿತಾಕಿ ಅಂತ ಹೊಸ್ತಿಲ ದಾಟಿದ್ರ ಮತ್ತ ಒಳಗ ಬರೂದು ಬ್ಯಾಡ ಅಂತ ಹೇಳು."

ಅವಳು ಅಡುಗೆಮನೆಗೆ ಹೋಗಿ, "ಸ್ವಲ್ಪ ತಡಿ ಅಂದಾರ. ಹಬ್ಬ ಆಗ್ಲಿ, ನೋಡೂಣಂತ" ಎಂದಳು.

ಸಾಕ್ಷಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು. "ಅತ್ತಿ, ಎಷ್ಟು ತಡೀಲಿ? ಸೂಜಿ ಹಿಡದು ಎಷ್ಟು ದಿನಾ ಆತು. ನನ್ನ ಕೈ ಕಲ್ತಿದ್ದು ಮರ್ತು ಹೊಂಟಾವು. ಇವರ ಮನಿ ಭಾಂಡಿ ತಿಕ್ಕಾಕ ನಾ ಅಷ್ಟು ಓದಿದ್ನೇನು ಅಂತ ಕೇಳ್ರಿ ಅವ್ರಿಗೆ."

"ಹಬ್ಬ ಆದ ಮ್ಯಾಲ ಹೋಗೀಯಂತ, ಹೂಂ ಅಂದಾರ" ಎಂದು ಅವಳನ್ನು ಸಮಾಧಾನ ಮಾಡಿ ಇಂದ್ರಾಬಾಯಿ ಪಡಸಾಲೆಗೆ ಬಂದು, "ನಿಮ್ಮ ಮಾತು ಮೀರೂದಿಲ್ಲ ಅಂದ್ಲ ನೋಡ್ರಿ" ಎಂದಳು.

"ಹಂಗ ಇರಬೇಕು," ಎಂದ ಧೂಳಪ್ಪ.

ಸೊಸೆ ರಾತ್ರಿ ಬಸ್ಸಿನಲ್ಲಿ ಬರುವುದನ್ನು ನೆನೆದು ಗಂಡನಿಗೆ ಊಟ ಸೇರುತ್ತಿಲ್ಲ ಎಂಬುದನ್ನು ಅವಳು ಅಡುಗೆಮನೆಗೆ ಒಯ್ಯಲಿಲ್ಲ. ಸೊಸೆಗೆ ತನ್ನ ಕೈ ಕಲಿತದ್ದನ್ನು ಮರೆತುಹೋಗುವ ಸಂಕಟವಿದೆ ಎಂಬುದನ್ನು ಪಡಸಾಲೆಗೆ ತರಲಿಲ್ಲ. ಖಾರ ತೆಗೆಯುವಾಗ ಅವೂ ಅದರ ಕೂಡ ಹೋದವು. ಮನೆ ತಣ್ಣಗಿತ್ತು. ಮಾವ ಒಪ್ಪಿದನೆಂದು ಸೊಸೆಗೆ, ಸೊಸೆ ಕೆಲಸದ ಆಸೆ ಬಿಟ್ಟಳೆಂದು ಮಾವನಿಗೆ. ಅಷ್ಟರಲ್ಲಿ ಯಾರಾದರೊಬ್ಬರ ಮನಸ್ಸು ತಿರುಗಬಹುದು ಎಂದು ಇಂದ್ರಾಬಾಯಿ ಕಾದಳು. ಎಷ್ಟೋ ಜಗಳ ಹಾಗೆ ಕಾದೇ ತಣಿದದ್ದನ್ನು ಅವಳು ಕಂಡಿದ್ದಳು.

ಪಂಚಮಿ ಕಳೆದ ಮರುದಿನ ಬೆಳಿಗ್ಗೆ ಸಾಕ್ಷಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬ್ಯಾಗು ಹಾಕಿಕೊಂಡು ಪಡಸಾಲೆಗೆ ಬಂದಳು. ಧೂಳಪ್ಪ ಚಹಾದ ಬಸಿ ಕೆಳಗಿಟ್ಟ.

"ಎಲ್ಲಿಗೆ ಹೊಂಟಾಳ ಈಕಿ?"

ಇಂದ್ರಾಬಾಯಿ ಬಾಯಿ ತೆರೆಯುವುದರೊಳಗೆ ಸಾಕ್ಷಿಯೇ ಅಂದಳು, "ಕೆಲಸಕ್ಕರಿ, ಮಾವಾ. ನೀವು ಹೂಂ ಅಂದೀರಂತ ಅತ್ತಿ ಹೇಳ್ಯಾರ."

"ನಾ ಯಾವಾಗ ಅಂದೆ? ನೀನ ನನ್ನ ಮಾತು ಮೀರಂಗಿಲ್ಲ ಅಂದೀಯಂತ."

"ನಾನ್ಯಾವಾಗ ಅಂದೇನ್ರಿ?"

ಮದುವೆಯಾಗಿ ಬಂದ ಮೇಲೆ ಅವರಿಬ್ಬರು ನೇರವಾಗಿ ಆಡಿದ ಮೊದಲ ಮಾತುಗಳು ಅವು. ಇಬ್ಬರೂ ಒಟ್ಟಿಗೆ ಇಂದ್ರಾಬಾಯಿಯ ಕಡೆ ತಿರುಗಿದರು. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಳು. ಕೈಯಲ್ಲಿ ಹಿಟ್ಟೇನೂ ಇರಲಿಲ್ಲ. ನಿಜವಾಗಿ ಅಂದದ್ದೇನೆಂದು ಸೊಸೆ ಕೇಳಿದಳು, ಧೂಳಪ್ಪ ತಾನೇ ಹೇಳಿದ, ಹೊಸ್ತಿಲಿನ ಮಾತನ್ನೂ ಬಿಡದೆ. ಸಾಕ್ಷಿ ತನ್ನ ಭಾಂಡಿಯ ಮಾತನ್ನು ಹೇಳಿದಳು. ಇಷ್ಟು ದಿನ ಇಂದ್ರಾಬಾಯಿ ನಡುವೆ ತಡೆದಿಟ್ಟದ್ದೆಲ್ಲ ಒಂದೇ ಸಲ ಬಂತು.

ಸಾಕ್ಷಿ ಸಿಂದಗಿಯ ಬಸ್ಸು ಹತ್ತಲಿಲ್ಲ. ಅದೇ ಬ್ಯಾಗು ತಗೊಂಡು ನಾಲತವಾಡಕ್ಕೆ ಹೋದಳು. ಬಾಗಿಲಲ್ಲಿ ಅತ್ತೆಗೆ, "ನೀವು ಬೈದಿದ್ರ ಛಲೋ ಇತ್ತು, ಅತ್ತಿ" ಎಂದಷ್ಟೇ ಹೇಳಿದಳು. ಲ್ಯಾಬಿನವರು ಬರುವ ಸೋಮವಾರದ ತನಕ ನೋಡುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರಂತೆ.

ಎರಡು ದಿನ ಕಳೆದವು. ಶುಕ್ರವಾರ ಬೆಳಿಗ್ಗೆ ಧೂಳಪ್ಪ ಧೋತರ ಬದಲಿಸಿ ಎಲ್ಲಿಗೋ ಹೋದ. ಹೊತ್ತು ಮುಳುಗುವಾಗ ಬಂದ. ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು, ಹೆಂಡತಿಯ ಕಡೆ ನೋಡದೆ ಮಾತು ತೆಗೆದ.

"ಸಿಂದಗಿಗೆ ಹೋಗಿದ್ದೆ. ಲ್ಯಾಬಿನ ಕಟ್ಟಡ ಛಲೋ ಐತಿ. ರಸ್ತಾದ ಮ್ಯಾಲೇ ಐತಿ, ಒಳಗ ಹೆಣ್ಮಕ್ಕಳೂ ಅದಾರ. ಸಂಜಿ ಬಸ್ಸಿನ್ಯಾಗ ಜಾಗಾನೂ ಸಿಗ್ತೈತಿ." ಧೋತರದ ಅಂಚಿನಿಂದ ಕಾಲು ಒರೆಸಿಕೊಳ್ಳುತ್ತಾ, "ಆಕಿಗೆ ಹೇಳು. ಬರಲಿ. ಕೆಲಸಕ್ಕ ಹೋಗಲಿ" ಎಂದ.

ಇಂದ್ರಾಬಾಯಿ ಸಾಕ್ಷಿಗೆ ಫೋನು ಹಚ್ಚಿ ಅವನ ಮುಂದೆ ಹಿಡಿದಳು. "ನೀವ ಹೇಳ್ರಿ. ಇದೊಂದು ಸಲ."

"ಹುಚ್ಚಿ ಏನು? ಅವತ್ತು ಎದುರಾಬದುರು ಮಾತಾಡಿ ಏನಾತು ನೋಡಿದ್ಯಲ್ಲ. ನೀ ಇದ್ದೀಯಲ್ಲ ಹೇಳಾಕ." ಅವನು ಚಪ್ಪಲಿ ಮೆಟ್ಟಿಕೊಂಡು ಓಣಿಗೆ ನಡೆದುಬಿಟ್ಟ.

ಆ ಕಡೆಯಿಂದ ಸಾಕ್ಷಿ "ಹಲೋ" ಅನ್ನುತ್ತಿದ್ದಳು. ಇಂದ್ರಾಬಾಯಿ ಗಂಡ ಅಂದದ್ದನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದಳು. ಕಟ್ಟಡ, ರಸ್ತೆ, ಹೆಣ್ಣುಮಕ್ಕಳು, ಸಂಜೆಯ ಬಸ್ಸು, ಎಲ್ಲ.

ಸಾಕ್ಷಿ ಸಣ್ಣಗೆ ನಕ್ಕಳು. "ಅತ್ತಿ, ನೀವು ಭಾಳ ಒಳ್ಳ್ಯಾರದೀರಿ. ಬಿಡ್ರಿ ಇನ್ನ."

"ಖರೇನ ಐತಿ ಮಗಳ. ಅವರ ಬಾಯಿಲೇ ಅಂದಾರ."

"ಮೊದ್ಲೂ ಹಿಂಗ ಅಂದಿದ್ರಿ."

"ಆಗ ಸುಳ್ಳು ಹೇಳಿದ್ದೆ. ಈಗಿಂದು ಖರೇ."

"ಮಾವಾರಿಗೆ ಫೋನ್ ಕೊಡ್ರಿ ಹಂಗಾದ್ರ."

ಇಂದ್ರಾಬಾಯಿ ಫೋನು ಹಿಡಿದುಕೊಂಡೇ ಓಣಿಗೆ ಓಡಿದಳು. ಧೂಳಪ್ಪ ಕಾಣಲಿಲ್ಲ. ಚಹಾದಂಗಡಿಯಲ್ಲೂ ಇರಲಿಲ್ಲ. "ತಡಿ, ಇಲ್ಲೇ ಹೋಗ್ಯಾರ, ತಡಿ" ಎನ್ನುತ್ತಾ ಮೂಲೆಯ ತನಕ ಹೋದಳು. ಅಷ್ಟರಲ್ಲಿ ಸಾಕ್ಷಿ ಫೋನು ಇಟ್ಟಿದ್ದಳು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಮಗನಿಗೆ ಹಚ್ಚಿದಳು. "ನೀವು ನೀವು ಬಗೀಹರಿಸ್ಕೋರಿ ಯವ್ವಾ, ಗಾಡಿ ಮ್ಯಾಲ ಅದೀನಿ," ಎಂದ ಕಾಂತು.

ಸೋಮವಾರ ಆ ಕೆಲಸಕ್ಕೆ ಬೇರೆ ಹುಡುಗಿ ಸೇರಿದಳು.

ಸುದ್ದಿ ಕೇಳಿದ ಧೂಳಪ್ಪ ಒಳಗೆ ಬಂದು ಒಲೆಯ ಹತ್ತಿರ ನಿಂತ. "ನಾ ಬಾ ಅಂದ ಮ್ಯಾಲೂ ಯಾಕ ಬರ್ಲಿಲ್ಲ ಆಕಿ? ಖರೇ ಹೇಳು. ನೀ ಏನಂತ ಹೇಳಿದಿ ಆಕಿಗೆ?"

"ನೀವು ಅಂದಿದ್ದನ್ನ ಹೇಳೀನಿ."

ಅವನು ಅವಳ ಮುಖವನ್ನು ನೋಡಿದ. ನಂಬಿದಂತೆ ಕಾಣಲಿಲ್ಲ. ಇಂದ್ರಾಬಾಯಿಗೆ ಇನ್ನೊಂದು ರೀತಿಯಲ್ಲಿ ಹೇಳಲು ಏನೂ ತೋಚಲಿಲ್ಲ. ಅದನ್ನೇ ಇನ್ನೊಮ್ಮೆ ಹೇಳಿದಳು.