ತಿರುವಿ ಹಿಡಿದ ಗಿಟಾರು

ನನಗೆ ಗಿಟಾರು ಬಾರಿಸಲು ಬರುವುದಿಲ್ಲ. ಆದರೂ ನಾನು ಒಬ್ಬ ಹುಡುಗಿಗೆ ಗಿಟಾರು ಕಲಿಸಿದೆ. ಇದನ್ನು ಕೇಳಿ ನೀವು ನಕ್ಕರೆ ನನ್ನದೇನೂ ತಕರಾರಿಲ್ಲ. ನನ್ನ ಹೆಂಡತಿ ಸುಶೀಲಾ ನಿಮಗಿಂತ ಮೊದಲೇ ನಕ್ಕು ಮುಗಿಸಿದ್ದಾಳೆ. ತಪ್ಪು ಪೂರ್ತಿ ನನ್ನದೂ ಅಲ್ಲ ಬಿಡಿ. ಕುಂದಗೋಳದಂಥ ಊರಿನಲ್ಲಿ ಮನೆಯಲ್ಲೊಂದು ಹಾರ್ಮೋನಿಯಂ ಇಟ್ಟುಕೊಂಡವನು ಸಂಗೀತದ ಹೆಸರಿನಲ್ಲಿ ಬರುವ ಸಕಲಕ್ಕೂ ಜವಾಬ್ದಾರ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಂಗೀತ ಮಾಸ್ತರನಾಗಿ ಸ್ವಾಗತ ಗೀತೆ ಹಾಡಿಸಿ ನಿವೃತ್ತನಾದವನು. ಈಗ ಭಜನಾ ತಂಡದ ತಬಲಾ ಸಡಿಲಾದರೂ ನನ್ನಲ್ಲಿಗೇ ಬರುತ್ತಾರೆ, ಮದುವೆ ಮಂಟಪದ ಮೈಕು ಕುಂಯ್‌ಗುಟ್ಟಿದರೂ ನನ್ನಲ್ಲಿಗೇ ಬರುತ್ತಾರೆ. ‘ನನಗೆ ಗೊತ್ತಿಲ್ಲ’ ಎನ್ನುವ ಮಾತು ಮಾತ್ರ ನನ್ನ ಬಾಯಿಂದ ಹೊರಡುವುದಿಲ್ಲ. ಮಾಸ್ತರಿಕೆ ಬಿಟ್ಟರೂ ಆ ರೋಗ ಬಿಟ್ಟಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ಬೆಳಿಗ್ಗೆ ಗಾದಿ ಹೊಲಿಯುವ ದಾವಲಸಾಬ ಮಗಳನ್ನು ಕರೆದುಕೊಂಡು ಬಂದ. ನಮ್ಮ ಓಣಿಯ ಅರ್ಧ ಜನ ಮಲಗುವುದು ಅವನು ಹೊಲಿದ ಗಾದಿಗಳ ಮೇಲೆಯೇ. ಮಗಳ ಹೆಸರು ಶಾಹಿನ್, ಪಿಯುಸಿ ಎರಡನೇ ವರ್ಷ. ಅವಳ ಹೆಗಲಿಗೆ ಗಾದಿಯ ಪಟ್ಟೆ ಬಟ್ಟೆಯಲ್ಲೇ ಹೊಲಿದ ಉದ್ದನೆಯ ಚೀಲ, ಅದರೊಳಗೆ ಗಿಟಾರು. ಹುಬ್ಬಳ್ಳಿಯಲ್ಲಿ ಯಾರದೋ ಮನೆಗೆ ಗಾದಿ ಹೊಲಿಯಲು ಹೋದಾಗ ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತಂತೆ. ಒಯ್ಯಿ ಎಂದು ಕೊಟ್ಟರಂತೆ.

“ಸರ್, ಮೂರ ವರ್ಷ ಆತ್ರಿ. ಯಾರೂ ಕಲಿಸಿಲ್ಲ, ಮೊಬೈಲ್ ನೋಡಿ ತಾನ ಕಲತಾಳ,” ಎಂದ ದಾವಲಸಾಬ. “ಧಾರವಾಡಕ್ಕ ಹೋಗಿ ಸಂಗೀತದ ಕಾಲೇಜ್ ಸೇರತೇನಿ ಅಂತಾಳ. ನಮ್ಮ ಅಜ್ಜಾನೂ ತಂತಿ ಬಾರಿಸಿದಾಂವನ ಖರೆ, ಆದ್ರ ಅದು ಹತ್ತಿ ಹಿಂಜೂ ಬಿಲ್ಲಿಂದು! ನನಗ ಇದರಾಗ ಏನೂ ತಿಳಿಯೂದಿಲ್ರಿ. ಈಕಿ ಕೈಯಾಗ ಏನರ ಐತಿ ಅಂತ ನೀವು ಹೂಂ ಅಂದ್ರ ಕಳಸ್ತೇನಿ. ಇಲ್ಲ ಅಂದ್ರ ಸುಮ್ಮನ ಬಿ.ಕಾಂ. ಹಚ್ಚತೇನಿ.”

ಹುಡುಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ನನ್ನ ಒಂದು ಹೂಂ ಎಂಬುದಕ್ಕೆ ಇಷ್ಟು ಬೆಲೆ ಯಾವತ್ತೂ ಬಂದಿರಲಿಲ್ಲ. ನನ್ನ ಮನೆಯಲ್ಲಂತೂ ಅದನ್ನು ಯಾರೂ ಕೇಳುವುದೇ ಇಲ್ಲ. ಹಾಗಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು, “ಬಾರಸವಾ, ನೋಡೂಣು,” ಎಂದೆ.

ಅವಳು ನಮ್ಮೂರ ಗಂಡಸರು ಹೆಜ್ಜೆ ಹಾಕುತ್ತ ಹಾಡುವ ಒಂದು ಮೊಹರಂ ಪದದ ಧಾಟಿ ಎತ್ತಿಕೊಂಡಳು. ಏನು ಹೇಳಲಿ! ಗಿಟಾರನ್ನು ನಾನು ಟಿವಿಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಇದು ಆ ನಾದವಲ್ಲ. ಮೊದಲು ಸಣ್ಣ ತಂತಿಯ ದನಿ ಬರುತ್ತಿತ್ತು, ಅದರ ಹಿಂದೆ ದಪ್ಪ ತಂತಿಯದು, ಮೊಮ್ಮಗಳು ಕೂಗಿದ್ದಕ್ಕೆ ಒಳಗಿಂದ ಅಜ್ಜ ಓಗೊಟ್ಟ ಹಾಗೆ. ನನ್ನ ಬಾಯಿಂದ ನನಗೆ ಗೊತ್ತಿಲ್ಲದೆಯೇ “ಆಹಾ” ಎಂದು ಬಂದುಬಿಟ್ಟಿತು. ಅಷ್ಟಕ್ಕೇ ಹೂಂ ಎಂದು ಕಳಿಸಿಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಪಾಡು ನನಗೆ ಬರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ನನ್ನ ಕಣ್ಣು ಅವಳ ಕೈ ಮೇಲೆ ಬಿತ್ತು.

ಗಿಟಾರು ಉಲ್ಟಾ ಇತ್ತು. ಎಲ್ಲರೂ ಎಡಗೈಯಲ್ಲಿ ತಂತಿ ಒತ್ತಿ ಬಲಗೈಯಲ್ಲಿ ಮೀಟುತ್ತಾರಲ್ಲ, ಇವಳು ಬಲಗೈಯಲ್ಲಿ ಒತ್ತಿ ಎಡಗೈಯಲ್ಲಿ ಮೀಟುತ್ತಿದ್ದಳು. ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಹೋಗಿತ್ತು, ಕೆಳಗಿನ ಸಣ್ಣ ತಂತಿ ಮೇಲೆ ಬಂದಿತ್ತು. ಮೊದಲು ಸಣ್ಣ ದನಿ ಕೇಳಿದ್ದು ಅದಕ್ಕೇ ಎಂದು ಆಗ ನನಗೆ ಹೊಳೆಯಲಿಲ್ಲ.

“ಎಡಚಿ ಏನವಾ ನೀ?”

“ಇಲ್ರಿ ಸರ್. ಬರಿಯೂದು, ಉಣ್ಣೂದು ಎಲ್ಲಾ ಬಲಗೈಲೆರಿ.”

“ಮತ್ತ ಇದೇನಿದು?”

ಅವಳು ನಾಚಿಕೊಂಡು ಹೇಳಿದಳು: “ಮೊಬೈಲ್ ಜ್ವಾಳದ ಹಿಟ್ಟಿನ ಡಬ್ಬಿಗೆ ಆನಿಸಿ ಇಡತಿದ್ನಿರಿ. ಅದರಾಗ ಬಾರಸವರ ಕೈ ಯಾವ ಬಾಜೂಕ ಕಾಣತಿತ್ತು, ನನ್ನ ಕೈನೂ ಅದ ಬಾಜೂಕ ಇಟ್ಟೇರಿ.”

ಅರ್ಥವಾಯಿತಲ್ಲ? ಎದುರಿಗೆ ಕೂತ ಗುರುವನ್ನು ಕನ್ನಡಿ ಎಂದುಕೊಂಡು ಮೂರು ವರ್ಷ ಕಲಿತುಬಿಟ್ಟಿದ್ದಾಳೆ! ದಾವಲಸಾಬ ಹಣೆ ಹಣೆ ಬಡಿದುಕೊಂಡ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ಯೋಚಿಸಿದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ವಿದ್ಯೆ ಕಲಿಸಲು ಎದುರುಬದುರು ಕೂರುವ ನಮ್ಮ ಪದ್ಧತಿಯಲ್ಲೇ ಈ ತೊಂದರೆ ಇದೆ. ನನ್ನ ನೌಕರಿಯ ಮೊದಲ ವರ್ಷ ಒಬ್ಬ ಹುಡುಗ ನನ್ನೆದುರು ಕೂತು ಹಾರ್ಮೋನಿಯಂ ಕಲಿಯುತ್ತ ತಪ್ಪು ಕೈಯಲ್ಲಿ ಭಾತೆ ಒತ್ತಿ ಗಾಳಿ ತುಂಬಿದ್ದ. ಭರತನಾಟ್ಯ ಕಲಿಸುವ ಒಬ್ಬ ಟೀಚರು ಮಕ್ಕಳಿಗೆ ಬೆನ್ನು ಹಾಕಿ ನಿಂತು ಹೆಜ್ಜೆ ತೋರಿಸುವುದನ್ನು ಮುಂದೊಮ್ಮೆ ಕಂಡೆ. ಗುರುವಿಗೆ ಬೆನ್ನು ತೋರಿಸಬಾರದು ಎಂದು ಮಕ್ಕಳನ್ನು ಗದರಿಸುತ್ತೇವೆ. ಕೆಲವು ವಿದ್ಯೆಗಳಲ್ಲಿ ಗುರುವೇ ಬೆನ್ನು ತೋರಿಸುವುದು ಮೇಲೇನೋ.

ಆದರೆ ಆ ದಿನ ಇಂಥ ಜ್ಞಾನೋದಯ ಯಾವುದೂ ಆಗಲಿಲ್ಲ. ಮಾಸ್ತರನಿಗೆ ಶಿಷ್ಯರ ತಪ್ಪೊಂದು ಸಿಕ್ಕಿಬಿಟ್ಟರೆ ಆಗುವ ಸಂತೋಷ ಹಬ್ಬದ ಹೋಳಿಗೆ ಉಂಡರೂ ಆಗುವುದಿಲ್ಲ. “ಇದು ಪೂರಾ ತಪ್ಪವಾ. ಇವತ್ತಿನಿಂದ ಸರಿಯಾಗಿ ಹಿಡಿ. ಹಳೇದೆಲ್ಲಾ ಮರತುಬಿಡು. ಸರಿ ಆದ ಮ್ಯಾಲೆ ಹೂಂ ಅನ್ನೂದೋ ಉಹೂಂ ಅನ್ನೂದೋ ನೋಡೂಣು,” ಎಂದು ತೀರ್ಪು ಕೊಟ್ಟೆ. ಶಾಹಿನ್ “ಹೌದ್ರಿ ಸರ್,” ಎಂದಳು. ನನ್ನ ಹೂಂ ಅವಳಿಗೆ ಬೇಕಾಗಿತ್ತು. ಇನ್ನೇನು ತಾನೇ ಅಂದಾಳು?

ಸರಿಯಾಗಿ ಹಿಡಿಯುವುದು ಹೇಗೆಂದು ನನಗಾದರೂ ಎಲ್ಲಿ ಗೊತ್ತಿತ್ತು! ಬಾಗಿಲು ಓರೆ ಮಾಡಿಕೊಂಡು ಮೊಬೈಲ್ ನೋಡತೊಡಗಿದೆ. ಒಂದು ದಿನ ಸುಶೀಲಾ ಚಹಾ ತಂದಳು, ಪರದೆಯ ಮೇಲಿನ ಗಿಟಾರು ನೋಡಿದಳು. “ಆ ಹುಡುಗಿಗೆ ಗುರು ಯಾರು ಅಂತ ತಿಳೀದಾಗಿತ್ತು. ನೀವಿಬ್ರೂ ಒಂದ ಗುರುವಿನ ಶಿಷ್ಯರು ಅನ್ರಿ!” ಎಂದು ಹೋದಳು. ನಾನು ಕಿವಿ ಕೇಳದವನ ಹಾಗೆ ಚಹಾ ಕುಡಿದೆ.

ಮೂರು ತಿಂಗಳು ಹೀಗೇ ನಡೆಯಿತು. ಪ್ರತಿ ರವಿವಾರ ಶಾಹಿನ್ ಬರುತ್ತಿದ್ದಳು, ಸರಿಯಾಗಿ ಹಿಡಿಯುತ್ತಿದ್ದಳು, ಸರಿಯಾಗಿ ಬಾರಿಸುತ್ತಿದ್ದಳು. ಎಷ್ಟು ಸರಿಯೆಂದರೆ ಎಲ್ಲೂ ತಪ್ಪು ಹುಡುಕುವ ಹಾಗಿರಲಿಲ್ಲ, ಎಲ್ಲೂ ಆಹಾ ಎನ್ನುವ ಹಾಗೂ ಇರಲಿಲ್ಲ. ನನಗೆ ಅದು ಶಿಸ್ತು ಎನಿಸಿತು. ನಾನು ಖುಷಿಯಲ್ಲೇ ಇದ್ದೆ.

ಆಗ ನಮ್ಮ ಗಾದಿಯ ಹತ್ತಿ ಗಂಟು ಕಟ್ಟಿತೆಂದು ದಾವಲಸಾಬನನ್ನು ಕರೆಸಿದ್ದೆವು. ಅಂಗಳದಲ್ಲಿ ಹೊಲಿಗೆ ಬಿಚ್ಚುತ್ತ ಕೂತವನು ಕೈ ನಿಲ್ಲಿಸಿದ.

“ಸರ್, ಸಿಟ್ಟಿಗೇಳಬ್ಯಾಡ್ರಿ, ಒಂದ ಮಾತ ಕೇಳತೇನಿ. ಮೊದಲ ಈಕಿ ರೊಟ್ಟಿ ಮಾಡಾಕ ಕುಂತ್ರ ದಿನಾ ಒಂದರ ಸುಡತಿತ್ರಿ. ಹಂಚಿನ ಮ್ಯಾಲೆ ರೊಟ್ಟಿ, ತೊಡಿ ಮ್ಯಾಲೆ ಗಿಟಾರು. ಬೈದು ಬೈದು ನನಗ ಸಾಕಾಗಿತ್ತು. ಈಗ ಒಂದೂ ಸುಡವಲ್ದು. ನೀವು ಹೇಳಿದ ಪಾಠ ಮುಗಿಸಿ ಗಿಟಾರು ಚೀಲಕ್ಕ ಹಾಕಿದ್ರ ಮತ್ತ ಹೊರಗ ತಗಿಯಂಗ ಇಲ್ಲ. ಈಕಿ ಕೈಯಾಗ ಏನೂ ಇಲ್ಲ ಅಂತ ಹೇಳೂದಿದ್ರ ಈಗ ಹೇಳಿಬಿಡ್ರಿ. ಕೂಸಿನ ಮಾರಿ ನೋಡಾಕ ಆಗವಲ್ದು.”

ನನಗೆ ಸಿಟ್ಟು ಬಂದದ್ದು ನಿಜ. ಮನೆಯಲ್ಲಿ ಮನಸ್ಸಿಟ್ಟು ಅಭ್ಯಾಸ ಮಾಡದೆ ನನಗೆ ಮೋಸ ಮಾಡುತ್ತಿದ್ದಾಳೆ ಎಂದು ಆ ರವಿವಾರ ಅವಳಿಗೆ ಬೈಯಲು ಸಿದ್ಧನಾಗಿಯೇ ಕೂತೆ. ಬಂದ ಕೂಡಲೇ “ಕೈ ತೋರಸು,” ಎಂದೆ. ಎರಡೂ ಕೈ ಮುಂದೆ ಚಾಚಿದಳು. ಎಡಗೈ ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು. ಬಲಗೈ ಬೆರಳುಗಳನ್ನು ಮುಟ್ಟಿ ನೋಡಿದೆ. ಮೊದಲ ದಿನ ಅಲ್ಲಿ ತಂತಿ ಒತ್ತಿ ಒತ್ತಿ ಗಟ್ಟಿಯಾದ ಚರ್ಮವಿತ್ತು. ಈಗ ಅದು ಎಳೆ ಮಗುವಿನ ಕೈಯಷ್ಟು ಮೆತ್ತಗಾಗಿತ್ತು. ಮೂರು ವರ್ಷದ ಅವಳ ದುಡಿಮೆಯನ್ನು ನಾನು ಮೂರೇ ತಿಂಗಳಲ್ಲಿ ಅಳಿಸಿಹಾಕಿದ್ದೆ.

“ಮೊದಲಿನಂಗ ತಿರುವಿ ಹಿಡಿಯವಾ.”

“ಬ್ಯಾಡ್ರಿ ಸರ್. ಅದು ತಪ್ಪು.”

“ಯಾರಂದ್ರು?”

“ನೀವ ಅಂದೀರಲ್ರಿ.”

ಮೂವತ್ತು ವರ್ಷದಲ್ಲಿ ಯಾವ ಶಿಷ್ಯರ ಮುಂದೆಯೂ ಹೇಳದ ಮಾತನ್ನು ಆಗ ಹೇಳಬೇಕಾಯಿತು. “ತಪ್ಪು ನಂದವಾ,” ಎಂದೆ. ಅರ್ಧವೇ ಹೊರಬಂತು. ಇನ್ನೊಮ್ಮೆ ಸರಿಯಾಗಿ ಹೇಳಿದೆ. ಅಡುಗೆಮನೆಯಲ್ಲಿ ಸುಶೀಲಾಳ ಪಾತ್ರೆ ಸಪ್ಪಳ ನಿಂತಿದ್ದು ಕೇಳಿಸಿತು.

ಶಾಹಿನ್ ಗಿಟಾರು ತಿರುವಿದಳು. ಬೆರಳು ನೋಯುತ್ತಿತ್ತು, ತಂತಿ ಜಾರುತ್ತಿತ್ತು, ಎರಡು ಸಲ ನಿಲ್ಲಿಸಿ ಕೈ ಕೊಡವಿಕೊಂಡಳು. ಮೂರನೇ ಸಲ ಮೊದಲು ಸಣ್ಣ ದನಿ ಬಂತು, ಅದರ ಹಿಂದೆ ದಪ್ಪ ದನಿ ಬಂತು. ನಾನು ಅತ್ತೆ. ಮುಚ್ಚಿಡುವುದೇನಿದೆ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಚೆನ್ನಾಗಿಯೇ ಅತ್ತೆ.

ಆಮೇಲೆ ನನಗೆ ಬರುವುದನ್ನಷ್ಟೇ ಕಲಿಸಿದೆ. ನಾನು ಹಾಡುವುದು, ಅವಳು ಆ ಸ್ವರಗಳನ್ನು ತಂತಿಯಲ್ಲಿ ಹುಡುಕುವುದು. ತಂತಿ ಜಗ್ಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಅವಳೇ ಕಂಡುಕೊಂಡಳು. ಎಲ್ಲಿ ನಿಲ್ಲಬೇಕೆಂದು ನಾನು ಹೇಳಿದೆ. ಆ ಬೆರಳು ಅಲ್ಲಲ್ಲ, ಇಲ್ಲಿ ಎಂದು ಹೇಳುವ ಚಪಲ ಬಂದಾಗಲೆಲ್ಲ ಅಡಿಕೆ ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಅಡಿಕೆ ಖರ್ಚು ಜೋರಾಯಿತು. ಅತ್ತ ಅವರ ಮನೆಯಲ್ಲಿ ರೊಟ್ಟಿ ಮತ್ತೆ ಸುಡತೊಡಗಿತಂತೆ. ಪರೀಕ್ಷೆ ಮುಗಿದ ಮೇಲೆ ದಾವಲಸಾಬನ ಅಂಗಡಿಗೇ ಹೋಗಿ, “ಈಕಿ ಕೈಯಾಗ ಏನರ ಐತೇನು ಅಂದಿದ್ಯಲ್ಲ? ಭಾಳ ಐತಿ. ಕಳಸು,” ಎಂದೆ. ಅವನು ತಲೆ ಎತ್ತಲಿಲ್ಲ. ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ. ಎಷ್ಟು ಹೊತ್ತಾದರೂ ಪೋಣಿಸಲಾಗಲಿಲ್ಲ.

ಮೊನ್ನೆ ಕಾಲೇಜಿನ ಅರ್ಜಿ ತುಂಬಲು ಶಾಹಿನ್ ನಮ್ಮ ಮನೆಗೇ ಬಂದಳು. ನನಗಿದ್ದ ಹೆದರಿಕೆ ಒಂದೇ: ಅಲ್ಲಿಯ ಮಾಸ್ತರರೂ ನನ್ನಂಥವರೇ ಇದ್ದರೆ? “ಸರಿಯಾಗಿ ಹಿಡಿ ಅಂದ್ರ ಎಡಚಿ ಅದೇನಿ ಅಂದುಬಿಡು,” ಎಂದು ಉಪಾಯ ಹೇಳಿಕೊಟ್ಟೆ.

“ಬಲಗೈಲೆ ಸಹಿ ಮಾಡೂ ಮುಂದ ಸಿಗಬೀಳತೇನ್ರಿ ಸರ್,” ಎಂದು ನಕ್ಕಳು. “ಮೊದಲ ಒಮ್ಮೆ ಕೇಳ್ರಿ, ಆಮ್ಯಾಲ ಹೇಳ್ರಿ ಅಂತೇನ್ರಿ.”

ಈ ಮಾತನ್ನು ಅವಳು ನನಗೆ ಅಂದಿರಲಿಲ್ಲ, ಅನ್ನುವ ಧೈರ್ಯವನ್ನು ನಾನು ಕೊಟ್ಟಿರಲಿಲ್ಲ. ಈಗ ಅಂದಾಳು ಎಂದು ಸಮಾಧಾನವಾಯಿತು.

ಅರ್ಜಿಯಲ್ಲಿ ಗುರುವಿನ ಹೆಸರು ಎಂದು ಒಂದು ಸಾಲಿತ್ತು. ನನ್ನನ್ನು ಕೇಳದೆಯೇ ಗುಂಡಗೆ ನನ್ನ ಹೆಸರು ಬರೆದಳು. ಚಾಳೀಸು ಹಾಕಿಕೊಂಡು ಎರಡು ಸಲ ಓದಿದೆ. ಕೆಳಗೆ ಕಲಿತ ಅವಧಿ ಎಂದಿತ್ತು. ಅಲ್ಲಿ ‘ಎಂಟು ತಿಂಗಳು’ ಎಂದು ಬರೆದಳು.

“ಐದು ಅಂತ ಬರಿಯವಾ,” ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು. “ಎಂಟ ಆಗತಾವ್ರಿ ಸರ್, ದೀಪಾವಳಿಯಿಂದ.”

“ಮೊದಲಿನ ಮೂರು ತಗದುಬಿಡು. ಆ ಮೂರು ತಿಂಗಳು ಕಲತಾಂವ ನಾನು.”

ಶಾಹಿನ್ ಎಂಟನ್ನು ಹೊಡೆದುಹಾಕಿ ಐದು ಎಂದು ಬರೆದಳು.