ಹಗಲು ಚಂದ್ರನೂ ಪಟ್ಟದಾವೂ

ನನ್ನನ್ನು ಮೆಟ್ರಿಕ್ಯುಲೇಷನ್ ಪಾಸು ಮಾಡಿಸಿದ್ದು ಒಂದು ಹೋರಿಕರು. ಮಾರ್ಕಯನ್‌ಕೋಟ್ಟೈಯಲ್ಲಿ ನನ್ನನ್ನು ಸಾಕಿದವಳು ಅತ್ತೆ, ಅಪ್ಪನ ಅಕ್ಕ. ನಾನು ಪಾಸಾದರೆ ಮನೆಯ ಕರುವನ್ನು ದೇವರಿಗೆ ಬಿಡುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ತಾಯಿ ಸತ್ತ ಕರು ಅದು; ನಾನೂ ಅಂಥವನೇ. ಇಬ್ಬರನ್ನೂ ಒಂದೇ ಅಂಗಳದಲ್ಲಿ ಗಂಜಿ ಕುಡಿಸಿ ಬೆಳೆಸಿದ್ದಳು; ನನ್ನನ್ನು ರಾಸಾ, ಎಂದರೆ ರಾಜಾ, ಎನ್ನುತ್ತಿದ್ದಳು. ದಿಂಡಿಗಲ್ಲಿನ ಹೈಸ್ಕೂಲಿನಲ್ಲಿ ನಾನು ಹೇಗೋ ಪಾಸಾದೆ, ಕರು ಕಂಬಮ್ಮಿನ ದೇವರ ಮಂದೆಗೆ ಹೋಯಿತು. ದೇವರಿಗೆ ಈ ವ್ಯಾಪಾರದಲ್ಲಿ ನಷ್ಟವಾಗಲಿಲ್ಲ. ಅವನಿಗೆ ಸಿಕ್ಕಿದ್ದು ಕರು.

ಕಂಬಂ ಕಣಿವೆಯಲ್ಲಿ ಕನ್ನಡ ಮಾತಾಡುವ ನಮ್ಮ ಜನ ಹೀಗೆ ಹರಕೆಗೆ ಬಿಟ್ಟ ದನಗಳ ಮಂದೆಗೆ ದೇವರಾವು ಎಂದು ಹೆಸರು. ಅದಕ್ಕೊಂದು ರಾಜ ಇರುತ್ತದೆ, ಪಟ್ಟದಾವು. ಅದು ಸತ್ತರೆ ಮುಂದಿನದನ್ನು ಮನುಷ್ಯರು ಆರಿಸುವುದಿಲ್ಲ. ಒಳ್ಳೆಯ ದಿನ ನೋಡಿ ಜನ ಸೇರುತ್ತಾರೆ, ಕರ್ಪೂರ ಹಚ್ಚುತ್ತಾರೆ, ಬಯಲಿನ ನಡುವೆ ಕಬ್ಬಿನ ಕಟ್ಟು ಇಟ್ಟು ಸುಮ್ಮನೆ ನಿಲ್ಲುತ್ತಾರೆ. ಯಾವ ಹೋರಿ ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ರಾಜ. ಯಾರೂ ಕರೆಯಬಾರದು, ಕೈ ತೋರಿಸಬಾರದು. ರಾಜನಾದ ಹೋರಿಯನ್ನು ಬಿಟ್ಟ ಮನೆಗೆ ಅವತ್ತು ಮೊದಲ ವೀಳ್ಯ.

ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮದುವೆಯಾಗಲಿ ಸೀಮಂತವಾಗಲಿ, ಹಿಂದೆ ಗೋಡೆಗೆ ಒರಗಿ ನಿಂತೇ ಅಭ್ಯಾಸ. ಆ ವೀಳ್ಯ ಅವಳ ಕೈಗೆ ಬಂದರೆ ಒಂದು ದಿನವಾದರೂ ಎಲ್ಲರ ಮುಂದೆ ನಿಲ್ಲುತ್ತಿದ್ದಳು. ಹಳೆಯ ಪಟ್ಟದಾವು ಸತ್ತ ಸುದ್ದಿ ಬಂದಾಗ ಅವಳು ಆಸೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಚಿನ್ನಾಳಪಟ್ಟಿಯಿಂದ ಒಂದು ಹೊಸ ಸೀರೆ ತಾ ಎಂದು ನನಗೆ ಹೇಳಿ ಕಳಿಸಿದಳು, ಅಷ್ಟೆ. ಹಿರಿಯರಿಗೆ ಮಾತ್ರ ಹೇಳಿದ್ದಳಂತೆ: ನನ್ನ ತಮ್ಮನ ಮಗ ಪೆಟ್ಟಿ ತಂದು ಆವಿನ ಪಟ ಹಿಡಿಯುತ್ತಾನೆ.

ಪೆಟ್ಟಿ ಎಂದರೆ ಕ್ಯಾಮರಾ. ಹೈಸ್ಕೂಲು ಮುಗಿಸಿದವನು ಗದ್ದೆಗೆ ಇಳಿಯಬಾರದೆಂದು ನಾನೇ ತೀರ್ಮಾನಿಸಿ, ದಿಂಡಿಗಲ್ಲಿನ ಒಬ್ಬರು ಫೋಟೋಗ್ರಾಫರರ ಅಂಗಡಿ ಸೇರಿದ್ದೆ. ಚುಟ್ಟಾ ವ್ಯಾಪಾರಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಅಲುಗಾಡಬೇಡಿ ಎನ್ನುವುದು ನನ್ನ ಕೆಲಸ. ಆದರೆ ನನ್ನ ಯೋಗ್ಯತೆಗೆ ವ್ಯಾಪಾರಿಗಳ ಮುಖ ಸಾಲದೆಂದು ನನಗೆ ಅನ್ನಿಸಿತ್ತು. ರಾತ್ರಿಯ ಚಂದ್ರನನ್ನು ಬಿಳಿಯರು ಆಗಲೇ ಹಿಡಿದಿದ್ದರು. ಹಾಗಾದರೆ ಹಗಲಿನವನು ನನಗೆ. ಓಡುವ ಮೋಡಗಳ ನಡುವೆ ಹಗಲು ಚಂದ್ರನನ್ನು ಹಿಡಿದು ಮದರಾಸಿಗೆ ಪ್ರದರ್ಶನಕ್ಕೆ ಕಳಿಸುವುದು, ಕೆಳಗೆ ನನ್ನ ಸಹಿ. ಚಂದ್ರ ಇನ್ನೂ ಸಿಕ್ಕಿರಲಿಲ್ಲ. ಸಹಿ ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು.

ಅಂಗಡಿಯ ಯಜಮಾನರನ್ನು ಕಾಡಿ ಬೇಡಿ ಕ್ಯಾಮರಾ, ಒಂದು ಡಬ್ಬಿ ಗಾಜಿನ ಪ್ಲೇಟು ಮತ್ತು ಅವನ್ನು ತೊಳೆಯುವ ಮದ್ದು ತೆಗೆದುಕೊಂಡು ಗಾಡಿ ಹತ್ತಿದೆ. ತಮಿಳರ ಆವಣಿ ತಿಂಗಳು. ಬೋಡಿನಾಯಕನೂರಿನ ಕಡೆಯ ಬೆಟ್ಟಗಳಿಂದ ಮೋಡ ಕಣಿವೆಗೆ ನುಗ್ಗಿ ಬರುತ್ತಿತ್ತು. ಶುಕ್ಲಪಕ್ಷವಾದ್ದರಿಂದ ಮಧ್ಯಾಹ್ನ ಇಳಿಯುತ್ತಲೇ ಮೂಡಣ ಬೆಟ್ಟದ ಮೇಲೆ ಚಂದ್ರ. ತೇನಿಯಲ್ಲಿ ಗಾಡಿ ನಿಲ್ಲಿಸಿದೆ, ಚಿನ್ನಮನೂರಿನಲ್ಲಿ ನಿಲ್ಲಿಸಿದೆ. ಕ್ಯಾಮರಾದ ಮೂರು ಕಾಲು ಊರಿ ಪ್ಲೇಟು ಹಾಕುವಷ್ಟರಲ್ಲಿ ಮೋಡ ಬಂದು ಚಂದ್ರನನ್ನು ನುಂಗಿರುತ್ತಿತ್ತು. ಇನ್ನೇನು ಬಿಟ್ಟೀತು ಎಂದು ಮುಚ್ಚಳ ತೆಗೆದರೆ ಇನ್ನೊಂದು ಮೋಡ. ಗಾಡಿಯವನು ಬಹಳ ಹೊತ್ತು ನೋಡಿ, ಅದೇ ಚಂದ್ರ ರಾತ್ರಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ತಮಿಳಿನಲ್ಲಿ ಮೆಲ್ಲಗೆ ತಿಳಿಸಿದ. ನಾನು ನಕ್ಕೆ, ಓದದವನ ಮಾತಿಗೆ ಓದಿದವನು ನಗುವ ನಗು. ಕಂಬಂ ತಲುಪಿದಾಗ ಉಳಿದದ್ದು ಒಂದೇ ಪ್ಲೇಟು.

ಕಬ್ಬು ಇಡುವ ದಿನ ಬೆಳಗ್ಗೆ ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು, ಮಂದೆಗೆ ಎದುರಾಗಿ ಕ್ಯಾಮರಾ ನಿಲ್ಲಿಸಿದೆ. ಕಬ್ಬು ಇಟ್ಟರು. ಪಕ್ಕದಲ್ಲಿ ಹೆಂಗಸರ ಸಾಲು, ಅದರಲ್ಲಿ ಹೊಸ ಸೀರೆಯುಟ್ಟ ಅತ್ತೆ. ಹೋರಿಗಳು ಕಬ್ಬನ್ನು ನೋಡಿದವು, ನಮ್ಮನ್ನು ನೋಡಿದವು, ಮೆಲುಕು ಹಾಕಿದವು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಸಾವಿರ ಕಣ್ಣು ದನಗಳ ಮೇಲೆ. ನಾನೊಬ್ಬ ಮಾತ್ರ ಆಗಾಗ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ, ಬೆಟ್ಟದ ಮೇಲೆ, ಅವನು ಬಂದಿದ್ದ.

ಮೊದಲು ಹಿಂಜಿದ ಹತ್ತಿಯಂಥ ತೆಳು ಮೋಡ ಹಾದುಹೋಯಿತು. ಚಂದ್ರ ಹಾಲಿಗೆ ಬಿದ್ದ ಸುಣ್ಣದ ಚೂರಿನಂತೆ ಇದ್ದೂ ಇಲ್ಲದಂತಿದ್ದ. ಆಮೇಲೆ ಎಮ್ಮೆಯ ಹೊಟ್ಟೆಯಂಥದ್ದು ಬಂದು ಪೂರ್ತಿ ಮುಚ್ಚಿತು. ಅದರ ಅಂಚು ಹರಿಯತೊಡಗಿ ಒಳಗಿನಿಂದ ನೀಲಿ ಇಣುಕಿದಾಗ ನನಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಬಾರದ ಹೋರಿ ಈಗಲೇ ಬರುತ್ತದೆಯೇ? ಕ್ಯಾಮರಾವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ.

ಆ ಬಟ್ಟೆಯೊಳಗೆ ಜಗತ್ತು ತಲೆಕೆಳಗು. ಬೆಟ್ಟ ಮೇಲೆ, ಮೋಡ ಕೆಳಗೆ, ಮೋಡದ ಅಂಚಿನಲ್ಲಿ ರಾಗಿ ಕಾಳಿನಷ್ಟು ಚಂದ್ರ. ಇನ್ನೊಂದು ಚೂರು ಸರಿಯಲಿ ಎಂದು ಕಾದೆ. ಹೊರಗೆ ಯಾರೋ ನಾಲಗೆಯಿಂದ ಟಕ್ ಟಕ್ ಎಂದ ಸದ್ದಾಯಿತು. ನೊಣ ಕೂತಂತೆ ತಲೆ ಕೊಡವಿದೆ. ಪ್ಲೇಟು ಸೇರಿಸಿ ಮುಚ್ಚಳ ತೆಗೆದೆ, ಹಾಕಿದೆ. ಸರಿಯಾಗಿ ಅದೇ ಗಳಿಗೆಗೆ ಹೆಂಗಸರೆಲ್ಲ ಒಟ್ಟಿಗೆ ನಾಲಗೆ ಹೊರಳಿಸಿ ಉಲಿಯುತ್ತ ಕುಲವೆ ಹಾಕಿದರು. ನಾಚಿಕೆ ಬಿಟ್ಟು ಹೇಳುತ್ತೇನೆ: ಅದು ನನಗೇ ಎಂದುಕೊಂಡೆ.

ತಲೆ ಹೊರಗೆ ತೆಗೆದು ನೋಡಿದರೆ ಅತ್ತೆಯ ಹೋರಿ ಕಬ್ಬು ಅಗಿಯುತ್ತ ನಿಂತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಯಾರಾದರೂ ಇತ್ತ ತಿರುಗುವ ಮೊದಲೇ ಕ್ಯಾಮರಾವನ್ನು ಅದರತ್ತ ತಿರುಗಿಸಿ, ಕೆಲಸ ಮುಗಿಸಿದವನಂತೆ ಬೆವರು ಒರೆಸಿಕೊಂಡೆ.

ಹೂವಿನ ಹಾರ ತರುವಷ್ಟರಲ್ಲಿ ಒಬ್ಬ ದಾಯಾದಿ ಅಡ್ಡ ಬಂದ. ಅವನ ಮನೆಯ ಹೋರಿಯೂ ಮಂದೆಯಲ್ಲಿತ್ತು.

"ಅವ್ಳು ಕೈಯೆತ್ತಿ ಕರೆದ್ಲು. ನಾ ಕಣ್ಣಾರ ಕಂಡೆ. ಸಾಕಿದ ಕೈ ಕರೆದ್ರೆ ಯಾವ ಆವು ಬರಾಕಿಲ್ಲ?"

ಊರ ಹಿರಿಯರು ಅತ್ತೆಯ ಕಡೆ ತಿರುಗಿದರು. "ಏನ್ ತಂಗಚ್ಚಿ, ಕೈಯೆತ್ತಿದ್ಯಾ?"

"ಎತ್ತಿದೆ ಅಣ್ಣಾ."

"ಯಾಕೆ?"

ಅತ್ತೆ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. "ಸುಮ್ಗೆ," ಎಂದಳು.

ಆಗ ನನಗೆ ಗೊತ್ತಾಯಿತು. ಹೋರಿ ಎರಡು ಹೆಜ್ಜೆ ಮುಂದಿಟ್ಟದ್ದನ್ನು ಕಂಡು ಅವಳು ನನ್ನತ್ತ ನೋಡಿದ್ದಾಳೆ. ನೋಡಿದರೆ ನನ್ನ ತಲೆ ಬಟ್ಟೆಯೊಳಗೆ, ಬೆನ್ನು ಹೋರಿಗೆ, ಪೆಟ್ಟಿ ಚಂದ್ರನಿಗೆ. ಈ ಕಡೆ ತಿರುಗು ಎಂದು ನಾಲಗೆಯಿಂದ ಟಕ್ ಟಕ್ ಎನಿಸಿ, ಕೈಯೆತ್ತಿ ಕರೆದಿದ್ದಾಳೆ. ಅವಳು ಸಾಕಿದ ಇಬ್ಬರಲ್ಲಿ ಬುದ್ಧಿಯಿದ್ದದ್ದು ಬಂತು.

ಹಿರಿಯರು ಯೋಚಿಸಿ ಹೇಳಿದರು. "ಹುಡ್ಗನ ಪೆಟ್ಟಿ ನೋಡೈತಲ್ಲ. ಅದ್ಕೆ ಒಳಗಿನೋರು ಹೊರಗಿನೋರು ಅಂತ ಇಲ್ಲ. ಕೈ ಯಾವ ಕಡೆಗಿತ್ತು, ಪಟ ನೋಡಿ ತೀರ್ಮಾನ ಮಾಡಣ."

ಒಂದು ಮಾತು ಸಾಕಿತ್ತು: ಹೋರಿ ಬರುವಾಗ ನಾನು ಚಂದ್ರನನ್ನು ನೋಡುತ್ತಿದ್ದೆ, ಅತ್ತೆ ಕರೆದದ್ದು ನನ್ನನ್ನು. ಕಣಿವೆಯ ಜನವೆಲ್ಲ ನಗುತ್ತಿದ್ದರು, ಅತ್ತೆ ವೀಳ್ಯ ತೆಗೆದುಕೊಳ್ಳುತ್ತಿದ್ದಳು. ನಾನು ಹೇಳಿದ್ದೇನೆಂದರೆ, ಪ್ಲೇಟು ತೊಳೆದು ನಾಳೆ ತೋರಿಸುತ್ತೇನೆ. ನಡುವೆ ಒಂದೆರಡು ಇಂಗ್ಲಿಷ್ ಪದ ಸೇರಿಸಿದೆ. ಜನ ಗೌರವದಿಂದ ತಲೆಯಾಡಿಸಿದರು. ಆ ಒಂದು ದಿನದಲ್ಲಿ ಏನಾದೀತೆಂದು ನಾನು ನಂಬಿದ್ದೆನೋ ಈಗ ಹೇಳಲಾರೆ. ತೊಳೆಯುವಾಗ ಹೋರಿ ತಾನಾಗಿ ಮೂಡೀತು ಎಂದಿರಬಹುದು.

ಕಿಟಕಿ ಮುಚ್ಚಿದ ಉಗ್ರಾಣದಲ್ಲಿ ಪ್ಲೇಟನ್ನು ಮದ್ದಿನ ನೀರಿನಲ್ಲಿ ತೊಳೆದೆ. ಬೆಟ್ಟದ ಅಂಚೊಂದನ್ನು ಬಿಟ್ಟು ಗಾಜು ಒಂದೇ ಸಮನೆ ಕಪ್ಪಾಯಿತು. ಹೋರಿ ಹೇಗೂ ಇರಲಿಲ್ಲ. ಚಂದ್ರನೂ ಇಲ್ಲ, ಮೋಡವೂ ಇಲ್ಲ. ಆ ಕಾಲದ ಪ್ಲೇಟಿಗೆ ನೀಲಿಯೂ ಬಿಳಿಯೂ ಒಂದೇ, ಆಕಾಶ ಹಿಡಿದರೆ ಗಾಜಿನ ಮೇಲೆ ಬರೀ ಕಪ್ಪು, ಕಾಗದದ ಮೇಲೆ ಬರೀ ಬಿಳುಪು ಎಂದು ಯಜಮಾನರು ನಾನು ಕೆಲಸಕ್ಕೆ ಸೇರಿದಾಗಲೇ ಹೇಳಿದ್ದರು. ಆಗ ನಾನು ಸಹಿ ಅಭ್ಯಾಸ ಮಾಡುತ್ತಿದ್ದೆ.

ಮರುದಿನ ಹಿರಿಯರ ಮುಂದೆ, ಬಿಸಿಲಿನ ಕಾವಿಗೆ ಪ್ಲೇಟು ಕೆಟ್ಟುಹೋಯಿತು ಎಂದೆ.

"ಕೆಡ್ತದೆ, ಕೆಡ್ತದೆ," ಎಂದ ದಾಯಾದಿ. "ಪಟದಲ್ಲಿ ಅತ್ತೆ ಕೈ ಬಿದ್ದಿತ್ತು. ಅಳಿಯ ಒರೆಸಿಬಿಟ್ಟ."

ನನ್ನನ್ನು ಕಾಪಾಡಲು ನಾನು ಹೇಳಿದ ಸುಳ್ಳು ಅವಳ ಮೇಲಿನ ಆರೋಪಕ್ಕೆ ಸಾಕ್ಷಿಯಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಅತ್ತೆ ನನ್ನನ್ನು ಕಾಪಾಡುತ್ತ ನಿಂತಿದ್ದಳು, ನಾನೂ ನನ್ನನ್ನೇ ಕಾಪಾಡಿಕೊಳ್ಳುತ್ತ ನಿಂತಿದ್ದೆ. ಹಿರಿಯರು ಅವಳ ಹೋರಿಯನ್ನು ದೂರ ಕಟ್ಟಿಸಿ ಮತ್ತೆ ಕಬ್ಬು ಇಡಿಸಿದರು. ಬೇರೆ ಹೋರಿ ಬಂದು ತಿಂದಿತು, ವೀಳ್ಯ ಬೇರೆ ಮನೆಗೆ ಹೋಯಿತು. ಹೊಸ ಸೀರೆಯುಟ್ಟ ಅತ್ತೆ ಎಲ್ಲರಿಗಿಂತ ಹಿಂದೆ ನಿಂತಿದ್ದಳು.

ಊರಿಗೆ ಮರಳುವ ಗಾಡಿಯಲ್ಲಿ ಅವಳು ಹೊಸ ಸೀರೆಯ ಧೂಳು ಕೊಡವಿಕೊಂಡಳು. ಆಮೇಲೆ ಕೇಳಿದಳು. "ಚಂದ್ರನಾದ್ರೂ ಬಿದ್ನಾ ರಾಸಾ?"

"ಇಲ್ಲ ಅತ್ತೆ."

"ಅದೂ ಇಲ್ವಾ," ಎಂದು ನಗತೊಡಗಿದಳು. ನಕ್ಕು ನಕ್ಕು ಹೊಸ ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಗುವೇ ಆಗಿತ್ತೆಂದು ನಾನು ಬಹಳ ವರ್ಷ ನಂಬಿದ್ದೆ.

ಗಾಡಿ ತಿರುಗಿಸು, ಹೋಗಿ ನಿಜ ಹೇಳಿಬರುತ್ತೇನೆ ಎಂದೆ. ಗಾಡಿ ಆಗಲೇ ಸಾಕಷ್ಟು ದೂರ ಬಂದಿತ್ತು. ಅದಕ್ಕೇ ಅಷ್ಟು ಧೈರ್ಯ.

"ಬ್ಯಾಡ. ಹಗಲೊತ್ನಲ್ಲಿ ಚಂದ್ರನ್ನ ನೋಡ್ತಾ ನಿಂತೋನು ಅಂತ ಗೊತ್ತಾದ್ರೆ ನಿಂಗೆ ಹೆಣ್ಣು ಯಾರ್ ಕೊಡ್ತಾರೆ?"

ಹೆಣ್ಣು ಕೊಟ್ಟರು, ಅತ್ತೆಯೇ ಹುಡುಕಿ ತಂದಳು. ಆಮೇಲೆ ಅವಳು ಇರುವವರೆಗೂ, ಹಗಲು ಚಂದ್ರ ಕಂಡಾಗೆಲ್ಲ ಅಂಗಳದಲ್ಲಿ ನಿಂತು, "ಬಾ ರಾಸಾ, ನಿನ್ ಪಟ್ಟದಾವು ಮೇಯ್ತಾ ಐತೆ," ಎಂದು ಕೈಯೆತ್ತಿ ಕರೆಯುತ್ತಿದ್ದಳು. ಏನು ವಿಷಯವೆಂದು ಹೆಂಡತಿ ಕೇಳಿದರೆ ಇಬ್ಬರೂ ಹೇಳುತ್ತಿರಲಿಲ್ಲ.

ಅತ್ತೆ ಹೋದಳು, ಹಿರಿಯರು ಹೋದರು, ಹೋದ ವರ್ಷ ಹೆಂಡತಿಯೂ ಹೋದಳು. ಇನ್ನು ನನಗೆ ಹೆಣ್ಣು ಕೊಡುವವರು ಯಾರೂ ಉಳಿದಿಲ್ಲ. ಆದ್ದರಿಂದ ನಮ್ಮ ಜನ ಇದನ್ನು ಓದಿ ತಿಳಿಯಲಿ: ಅವತ್ತು ಆ ಬಯಲಿನಲ್ಲಿ ಅತ್ತೆ ಕೈಯೆತ್ತಿ ಕರೆದದ್ದು ಹೋರಿಯನ್ನಲ್ಲ, ನನ್ನನ್ನು.