ಕ್ಲಾಸಮ್ಮನ ಮನೆಯಲ್ಲಿ ಕೆಲಸವಿಲ್ಲದ ಸೊಸೆ

ಚರ್ಚಿನ ಹಿಂದಿನ ಹಾಲ್‌ನಲ್ಲಿ ಗುರುವಾರ ಸಂಜೆ ಕುಟುಂಬ ಕ್ಲಾಸು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಕ್ಲಾಸಮ್ಮ ಎಂದೇ ಕರೆಯುತ್ತಿದ್ದರು. ಹಾಗೆಂದು ಆಕೆ ಟೀಚರೇನೂ ಅಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಒಗೆದು, ಒಣಗಿಸಿ, ಮಡಚಿ ವಾರ್ಡುಗಳಿಗೆ ಕಳಿಸುವುದು ಆಕೆಯ ಕೆಲಸ. ಗಂಡ ತೀರಿಕೊಂಡ ಸ್ವಲ್ಪ ದಿನಕ್ಕೇ ಪಾಸ್ಟರ್ ಬಂದು, "ಮನೆಯೊಳಗೆ ಒಬ್ಬರಿಗೊಬ್ಬರು ತಗ್ಗಿ ನಡೆದು ಸೇವೆ ಮಾಡೋದನ್ನ ನಮ್ಮ ಸಭೆಯವರಿಗೆ ಯಾರಾದ್ರೂ ಕಲಿಸಬೇಕಮ್ಮ. ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?" ಎಂದರು. ಇಲ್ಲ ಎಂದು ಹೇಳುವ ಅಭ್ಯಾಸವೇ ಆಕೆಗಿರಲಿಲ್ಲ. ಹೂಂ ಎಂದಳು.

ಪಾಠ ಸರಳವಾಗಿತ್ತು. ಯೇಸುಸ್ವಾಮಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರಲ್ಲ, ನಿಮ್ಮ ಮನೆಯಲ್ಲಿ ಕಾಲೇ ಆಗಬೇಕೆಂದಿಲ್ಲ, ತಟ್ಟೆ ತೊಳೆದರೂ ನಡೆಯುತ್ತದೆ. ವಾರಕ್ಕೊಮ್ಮೆಯಾದರೂ ಮನೆಯವರಿಗಾಗಿ ಒಂದು ಕೆಲಸವನ್ನು ಹೇಳಿಸಿಕೊಳ್ಳದೆ ಮಾಡಿ, ಮಾಡಿದ್ದನ್ನು ಸಾರಿಕೊಂಡು ತಿರುಗಬೇಡಿ. ಇಷ್ಟೇ.

ಇಷ್ಟರಿಂದಲೇ ಸಭೆಯಲ್ಲಿ ಆದ ಅವಾಂತರ ಒಂದೆರಡಲ್ಲ. ವೆಲ್ಡರೊಬ್ಬ ತನ್ನ ಹೆಂಡತಿಯ ಹೊಸ ನಾನ್‌ಸ್ಟಿಕ್ ಪ್ಯಾನನ್ನು ಗುಟ್ಟಾಗಿ ವರ್ಕ್‌ಶಾಪಿಗೆ ಒಯ್ದು, ಗ್ರೈಂಡರ್ ಹಿಡಿದು, ಒಳಗಿನ ಕರಿ ಲೇಪವೆಲ್ಲ ಕಿತ್ತುಹೋಗುವಂತೆ ಉಜ್ಜಿ, ಕನ್ನಡಿಯಷ್ಟು ಫಳಫಳ ಹೊಳೆಸಿಕೊಂಡು ತಂದ. "ಇನ್ನೊಂದು ಸಲ ಸೇವೆ ಅಂತ ಬಂದ್ರೆ ನಾನು ತವರಿಗೆ ಹೋಗ್ತೀನಿ ನೋಡಿ" ಎಂದು ಹೆಂಡತಿ ಕ್ಲಾಸಿನಲ್ಲೇ ಹೇಳಿದಳು. ಚರ್ಚಿನ ಮುಂದಿನ ಬೆಂಚುಗಳಂತೂ ಖಾಲಿ ಬಿದ್ದವು. ಕೊನೆಯ ಬೆಂಚಿನಲ್ಲಿ ಕೂರುವುದೇ ನಮ್ರತೆ ಎಂದು ಯಾರು ತಲೆಗೆ ಹಾಕಿದರೋ, ಬಸ್ ಕಂಡಕ್ಟರೊಬ್ಬ ಭಾನುವಾರ ಬೆಳಿಗ್ಗೆ ಬೇಗ ಬಂದು ಅಲ್ಲಿ ಕರವಸ್ತ್ರ ಹಾಸಿ ಜಾಗ ಹಿಡಿಯತೊಡಗಿದ. "ತಗ್ಗಿ ನಡೆಯೋದಕ್ಕೂ ಸೀಟು ಹಿಡೀತಾರಲ್ಲಪ್ಪ!" ಎಂದು ವೆಲ್ಡರ್ ಮುಖ ಊದಿಸಿಕೊಂಡ. ಪಾಸ್ಟರ್ ಪಾಪ, ಎದುರಿಗಿದ್ದ ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿದರು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಕ್ಲಾಸಮ್ಮನೂ ನಗುತ್ತಿದ್ದಳು. ತುಟಿ ನಗುತ್ತಿತ್ತು, ಅಷ್ಟೇ. ಅಡ್ಡ ಮಲಗಿ ಜೋಮು ಹಿಡಿದ ಕೈ ನಮ್ಮದೇ ಆದರೂ ನಮ್ಮದಲ್ಲ ಅನ್ನಿಸುತ್ತದಲ್ಲ, ಆಕೆಯ ಒಳಗೆಲ್ಲ ಹಾಗೆ ಇತ್ತು. ಗಂಡನನ್ನು ಮಣ್ಣು ಮಾಡಿದ ದಿನವೂ ಆಕೆ ಅಳಲಿಲ್ಲ. ಬಂದವರಿಗೆಲ್ಲ ತಾನೇ ನಿಂತು ಚಹಾ ಮಾಡಿದಳು. "ಎಂಥಾ ಗಟ್ಟಿ ಹೆಂಗಸು" ಎಂದರು ಜನ. ಮಾರನೆಯ ದಿನ ಲಾಂಡ್ರಿಗೆ ಹೋದಳು. ಗಂಡ ಕೊನೆಗೆ ಮಲಗಿದ್ದ ವಾರ್ಡಿನ ಚಾದರಗಳೂ ಆ ರಾಶಿಯಲ್ಲಿದ್ದವು. ಅವನ್ನೂ ಒಗೆದಳು. ಅವತ್ತಿನಿಂದ ಕೈಗೆ ಬಿಡುವು ಕೊಡಲಿಲ್ಲ. ಕೈ ಖಾಲಿಯಾದರೆ ಏನಾದೀತೋ ಎಂಬುದೊಂದೇ ಆಕೆಗೆ ಉಳಿದಿದ್ದ ಹೆದರಿಕೆ.

ಆ ಹೆದರಿಕೆಯ ಭಾರವೆಲ್ಲ ಬಿದ್ದದ್ದು ಸೊಸೆಯ ಮೇಲೆ. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಮಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಸೊಸೆ ಕಣ್ಣು ಬಿಡುವಷ್ಟರಲ್ಲಿ ಚಹಾ ತಯಾರು, ಊಟದ ಡಬ್ಬಿ ತಯಾರು, ಉಡುವ ಬಟ್ಟೆಗೆ ಇಸ್ತ್ರಿಯಾಗಿರುತ್ತಿತ್ತು. ಪೊರಕೆ ಹಿಡಿದರೆ "ಬಿಡಮ್ಮ, ನಾನು ಮಾಡ್ತೀನಿ". ಪಾತ್ರೆಗೆ ಕೈ ಹಾಕಿದರೆ "ನಿನಗ್ಯಾಕೆ, ದಣಿದು ಬಂದಿದ್ದೀಯ". ಹುಡುಗಿ ತವರಿಗೆ ಫೋನು ಮಾಡಿ ಗೋಳಾಡಿದರೆ ಅವರಮ್ಮ, "ನಿನಗೇನು ತಲೆ ಕೆಟ್ಟಿದೆಯಾ? ಅಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರಬೇಕು" ಎಂದು ಬೈದರು. ಕೆಲಸ ಹೇಳುವ ಅತ್ತೆಯ ಮೇಲೆ ಲೋಕವೆಲ್ಲ ದೂರು ಕೇಳುತ್ತದೆ. ಕೆಲಸವನ್ನೇ ಹೇಳದ ಅತ್ತೆಯ ಮೇಲಿನ ದೂರನ್ನು ಕೇಳುವವರು ಯಾರು?

ಒಂದು ಗುರುವಾರ ಕ್ಲಾಸು ಮುಗಿಯುವ ಹೊತ್ತಿಗೆ ವೆಲ್ಡರನ ಹೆಂಡತಿ ಸೊಸೆಯ ಕಡೆ ತಿರುಗಿ, "ನಿನ್ನ ಅದೃಷ್ಟ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೇ" ಎಂದಳು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಸೊಸೆ ತಲೆ ಎತ್ತಿದಳು. "ಶನಿವಾರ ನಾವು ಬೇರೆ ಮನೆಗೆ ಹೋಗ್ತಿದ್ದೀವಿ ಅಕ್ಕಾ. ಬಾಡಿಗೆಗೆ ಎರಡು ರೂಮು ಸಿಕ್ಕಿದೆ."

ಎಲ್ಲರೂ ಕ್ಲಾಸಮ್ಮನ ಮುಖ ನೋಡಿದರು. ಆಕೆಗೂ ಇದು ಆಗಲೇ ಮೊದಲು ತಿಳಿದದ್ದು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಎದ್ದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಎಲ್ರ ಮುಂದೆ ಹೇಳಬಾರದಿತ್ತು ಅತ್ತೆ, ಬಾಯಿ ತಪ್ಪಿ ಬಂದುಬಿಡ್ತು. ತಪ್ಪು ಮಾಡಿದ್ರೆ ಜಗಳ ಆಡಬಹುದಿತ್ತು. ನೀವು ಅದಕ್ಕೂ ಅವಕಾಶ ಕೊಡಲ್ಲ." ಎಂದಳು ಸೊಸೆ. "ಈ ಮನೇಲಿ ನಾನು ಯಾವತ್ತೂ ನೆಂಟಳೇ. ಮಾವ ಹೋದಾಗ ನಿಮಗೊಂದು ಲೋಟ ನೀರು ಕೊಡೋಕೆ ಬಂದೆ. ನೆನಪಿದೆಯಾ? ಆ ಲೋಟ ಇಸ್ಕೊಂಡು ನನಗೇ ಕುಡಿಸಿದ್ರಿ. ಕ್ಲಾಸಲ್ಲಿ ಎಲ್ರಿಗೂ ಸೇವೆ ಮಾಡಿ ಅಂತೀರ. ನಿಮಗೆ ಯಾರು ಮಾಡ್ಬೇಕು?"

ಕ್ಲಾಸಮ್ಮ ತಟ್ಟೆ ಕೈಗೆತ್ತಿಕೊಂಡಳು. "ಊಟಕ್ಕೆ ಹಾಕ್ತೀನಿ, ಕೂತ್ಕೋ" ಎಂದಳು. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರವೆಲ್ಲ ಆಕೆ ಲಾಂಡ್ರಿಯಲ್ಲಿ ಯೋಚಿಸಿದಳು. ಇವರು ಹೋದರೆ ಮನೆಯಲ್ಲಿ ಮಾಡಿ ಹಾಕಲು ಯಾರೂ ಇರುವುದಿಲ್ಲ. ಹುಡುಗಿಯ ಮನಸ್ಸನ್ನು ಹೇಗಾದರೂ ಗೆಲ್ಲಬೇಕು, ಕೋಪದಲ್ಲಿ ಕಳಿಸಬಾರದು. ಯೋಚಿಸಿ ಯೋಚಿಸಿ ಕೊನೆಗೆ ಹೊಳೆದ ಉಪಾಯವಾದರೂ ಏನು? ಹಾಳಾದ್ದು, ಆಕೆಗೆ ಗೊತ್ತಿದ್ದದ್ದು ಒಂದೇ ದಾರಿ.

ಶನಿವಾರ ಬೆಳಕು ಹರಿಯುವಾಗ ಸೊಸೆ ಎದ್ದು ಬಂದರೆ ನಡುಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಅವರ ಪಾತ್ರೆ, ಅವರ ಪುಸ್ತಕ, ಚಳಿಗಾಲದ ಬಟ್ಟೆ, ಒಂದೊಂದು ಲೋಟಕ್ಕೂ ಬೇರೆ ಬೇರೆ ಪೇಪರು ಸುತ್ತಿ, ಹಗ್ಗ ಬಿಗಿದು, ಬಾಗಿಲ ಕಡೆ ಸಾಲಾಗಿ ಇಟ್ಟಾಗಿತ್ತು. ಕೊನೆಯ ಪೆಟ್ಟಿಗೆಯ ಮುಂದೆ ಕ್ಲಾಸಮ್ಮ ಮಂಡಿಯೂರಿ ಕೂತಿದ್ದಳು.

"ಅತ್ತೆ!" ಸೊಸೆ ತಲೆಯ ಮೇಲೆ ಕೈ ಹೊತ್ತುಕೊಂಡಳು. "ನಾವು ಮನೆ ಬಿಟ್ಟು ಹೋಗೋದನ್ನೂ ನೀವೇ ಮಾಡಿಬಿಟ್ರಾ?"

ಅವಳು ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತಳು. ಸಮಾಧಾನ ಹೇಳಲೆಂದು ಕ್ಲಾಸಮ್ಮ ಏಳಹೋದಳು. ಬೆನ್ನಿನೊಳಗೆ ಏನೋ ಛಳಕ್ಕೆಂದು ಹಿಡಿದುಕೊಂಡಿತು. ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು.

"ಏನಾಯ್ತು? ನೋಯ್ತಿದೆಯಾ?"

"ಏನಿಲ್ಲ, ಏನಿಲ್ಲ."

ಸೊಸೆ ಹತ್ತಿರ ಬರಲಿಲ್ಲ. ಕೂತಲ್ಲೇ ನೋಡುತ್ತಿದ್ದಳು. "ಏನಿಲ್ಲ ಅಂದ್ರೆ ಸರಿ ಅತ್ತೆ" ಎಂದಳು. ಅಷ್ಟು ದಣಿದ ದನಿಯನ್ನು ಕ್ಲಾಸಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಈ ಹುಡುಗಿ ಇನ್ನು ಏನಾಯ್ತೆಂದು ಕೇಳುವುದಿಲ್ಲ ಎಂದು ಆಕೆಗೆ ಅರ್ಥವಾಯಿತು. ಎರಡು ಬೀದಿ ಆಚೆಗೇ ಹೋದರೂ, ದಿನವೂ ಬಂದು ಹೋದರೂ, ಇನ್ನೊಂದು ಸಲ ಕೇಳುವುದಿಲ್ಲ.

ಬಾಯಿ ತೆರೆಯುವುದು ಅಷ್ಟು ಕಷ್ಟವೆಂದು ಯಾರಿಗೆ ಹೇಳಿದರೂ ನಂಬುವುದಿಲ್ಲ. ನೂರಾರು ಮನೆಯವರಿಗೆ ಬುದ್ಧಿ ಹೇಳಿದ ಬಾಯಿ ಅದು.

"ಬೆನ್ನು ಕಣಮ್ಮ" ಎಂದಳು. "ಬಲಗಡೆ. ನನ್ನ ಕೈಗೆ ಎಟಕಲ್ಲ. ಸ್ವಲ್ಪ... ನೀನು ಮುಲಾಮು ಹಚ್ಚಿಕೊಡ್ತೀಯಾ?"

ಮುಲಾಮು ಎಲ್ಲಿದೆಯೆಂದು ಸೊಸೆಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಏನು ಎಲ್ಲಿದೆಯೆಂದು ಅವಳಿಗೆ ಗೊತ್ತಾಗಲು ಬಿಟ್ಟವರಾರು? ಕಪಾಟಿನ ಬಾಗಿಲುಗಳನ್ನೆಲ್ಲ ದಡಬಡ ತೆಗೆದು, ಏನೇನೋ ಬೀಳಿಸಿ, ಹುಡುಕಿ ತಂದಳು. ಸೊಂಟ ಹಿಡಿದು ಅತ್ತೆಯನ್ನು ಮೆಲ್ಲಗೆ ಕೂರಿಸಿದಳು. ಮಂಚದಲ್ಲಿ ಒಬ್ಬಳೇ ಮಲಗುವಂತಾದ ಮೇಲೆ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಸೊಸೆಯ ಹೆಬ್ಬೆರಳು ಗಂಟು ಕಟ್ಟಿದ ಜಾಗವನ್ನು ಹುಡುಕಿ ಅಲ್ಲಿ ನಿಂತಿತು.

"ಇಲ್ಲೇನಾ? ನೋಯುತ್ತಾ?"

"ಹೂಂ. ತುಂಬಾ ನೋಯುತ್ತೆ."

ಹೇಳಿದ್ದೇ ತಡ, ಅಷ್ಟು ದಿನ ಬಾರದ ಅಳು ಬಂತು. ಸದ್ದು ಮಾಡಿಕೊಂಡು, ಮೂಗು ಸೋರಿಸಿಕೊಂಡು, ಗಂಡನ ಹೆಸರು ಹಿಡಿದು ಮಗುವಿನ ಹಾಗೆ ಅತ್ತಳು. ಸೊಸೆ ಅಳಬೇಡಿ ಎನ್ನಲಿಲ್ಲ, ಉಜ್ಜುವುದನ್ನೂ ನಿಲ್ಲಿಸಲಿಲ್ಲ.

ಬಾಗಿಲಲ್ಲಿ ಮಗ ಕಾಣಿಸಿಕೊಂಡ. ಇಬ್ಬರನ್ನೂ ನೋಡಿ ಗಾಬರಿಯಾಗಿ, "ಗಾಡಿ ಬಂತು" ಎಂದ.

"ಬರ್ತೀವಿ, ಸ್ವಲ್ಪ ಕಾಯೋಕೆ ಹೇಳಿ" ಎಂದಳು ಸೊಸೆ.

ಗಾಡಿಯವನು ಹೊರಗೆ ಬಿಸಿಲಲ್ಲಿ ಕಾದ. ಒಳಗೆ ಕ್ಲಾಸಮ್ಮ ಬೆನ್ನು ಕೊಟ್ಟು ಕೂತೇ ಇದ್ದಳು. ಎದ್ದು ಅವನಿಗೆ ಚಹಾ ಮಾಡಲು ಹೋಗಲಿಲ್ಲ.